ಸಕಲ ಉದ್ದೇಶಗಳಿಗೂ ಮಹಿಳೆ

ಈ ಕೆಳಗೆ ಬರೆದಿರುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲವೆಂದು ನನ್ನ ಪಿಂಚಣಿಯ ಮೇಲೆ ಆಣೆ ಮಾಡಿ ಹೇಳುತ್ತೇನೆ. ದೇವರ ಮೇಲೆ ಆಣೆ ಮಾಡಿ ಸುಳ್ಳು ಹೇಳಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಪಿಂಚಣಿಯ ಮೇಲೆ ಆಣೆ ಮಾಡಿ ಸುಳ್ಳು ಹೇಳುವ ಧೈರ್ಯವಂತ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕು ತಾಲ್ಲೂಕನ್ನು ಸೋಸಿದರೂ ಸಿಗಲಾರ.

ಮೊದಲಿಗೆ ತಿಳಿಸಬೇಕಾದ ಸಂಗತಿ ಇಷ್ಟು: ರೇಷ್ಮೆ ಬೆಳೆಗಾರರ ಸ್ಮಾರಕ ಪ್ರಥಮ ದರ್ಜೆ ಕಾಲೇಜಿನಲ್ಲಿ, ಸ್ಥಾಪನೆಯಾದ ದಿನದಿಂದ ಈ ದಿನದವರೆಗೆ, ವಿದ್ಯಾರ್ಥಿನಿಯರ ಮೇಲೆ ಲೈಂಗಿಕ ದೌರ್ಜನ್ಯದ ಒಂದೇ ಒಂದು ಪ್ರಕರಣವೂ ದಾಖಲಾಗಿಲ್ಲ. ಇದಕ್ಕೆ ಮೊದಲ ಕಾರಣ ನಮ್ಮ ಭವ್ಯ ಸಂಸ್ಕೃತಿ. ಎರಡನೆಯ ಕಾರಣ, ದಾಖಲು ಮಾಡಬೇಕಾದವನು ನಾನು, ಮತ್ತು ಮಾಡು ಅಂತ ನನಗೆ ಯಾರೂ ಹೇಳಿರಲಿಲ್ಲ.

ಕಾಲೇಜು ಇರುವುದು ರಾಮನಗರದಿಂದ ಮಾಗಡಿಗೆ ಹೋಗುವ ರಸ್ತೆಯಲ್ಲಿ, ಬೋಳು ಬಂಡೆಗಳ ಮಗ್ಗುಲಿಗೆ. ರೇಷ್ಮೆ ಬೆಳೆಗಾರರು ಇನ್ನೂ ಬದುಕಿದ್ದಾರಲ್ಲ, ಸ್ಮಾರಕ ಯಾಕೆ ಅಂತ ಕೆಲವರು ಕೇಳುವುದುಂಟು. ಆಡಳಿತ ಮಂಡಳಿಯ ಅಧ್ಯಕ್ಷರಾದ ಚೆಲುವಯ್ಯನವರು ಗೂಡಿನ ವ್ಯಾಪಾರದಲ್ಲಿ ಕಾಸು ಕಂಡವರು. ಬೆಳೆಗಾರರ ಭವಿಷ್ಯ ಅವರಿಗೆ ಮೊದಲೇ ಗೊತ್ತಿದ್ದುದರಿಂದ ಸ್ಮಾರಕವನ್ನು ಮುಂಗಡವಾಗಿ ಕಟ್ಟಿಸಿದರು.

ನಾನು ದೊಡ್ಡಹನುಮಯ್ಯ, ಆ ಕಾಲೇಜಿನ ಕಚೇರಿ ಸೂಪರಿಂಟೆಂಡೆಂಟು. ವಿದ್ಯಾರ್ಥಿಗಳ ಬಾಯಲ್ಲಿ ದೊಡ್ಡಪ್ಪ. ಸುತ್ತೋಲೆ ಬರೆಯುವುದರಲ್ಲಿ ನನ್ನ ಸರಿಸಮ ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಬೇಕಾಗಿ ಬಂದಿರುವುದು ಉಳಿದವರ ಹೊಟ್ಟೆಕಿಚ್ಚಿನಿಂದ. ಒಮ್ಮೆ ‘ಕೋತಿಗಳಿಗೆ ಈ ದ್ವಾರದ ಮೂಲಕ ಪ್ರವೇಶವಿಲ್ಲ’ ಎಂದು ಬರೆದು ಗೇಟಿಗೆ ಅಂಟಿಸಿದೆ. ಮಾರನೆಯ ಬೆಳಿಗ್ಗೆ ಬಂಡೆಯ ಕೋತಿಗಳೆಲ್ಲ ಗೇಟಿನ ತನಕ ಬಂದು, ನಿಂತು, ಓದಿ, ಕಾಂಪೌಂಡ್ ಹಾರಿ ಒಳಗೆ ಬಂದವು. ಗೇಟಿನಿಂದ ಒಂದೂ ಬರಲಿಲ್ಲ.

ನಮ್ಮ ಕಾಲೇಜಿನ ಕೆಲಸದ ಕ್ರಮ ಬಲು ಸರಳ. ಅಧ್ಯಕ್ಷರು ಏನು ಹೇಳುತ್ತಾರೋ ಅದು ಸಂಜೆಯೊಳಗೆ ಸುತ್ತೋಲೆಯಾಗಿ ನೋಟೀಸ್ ಬೋರ್ಡಿನ ಮೇಲಿರಬೇಕು. ಅವರು ತಮಾಷೆಗೆ ಹೇಳಿದ್ದೋ ನಿಜಕ್ಕೆ ಹೇಳಿದ್ದೋ ಅಂತ ತಿರುಗಿ ಕೇಳುವ ಪದ್ಧತಿ ಇಲ್ಲ. ಹಿಂದೊಬ್ಬ ಗುಮಾಸ್ತ ಹಾಗೆ ಕೇಳಿದ್ದ. ಅವನ ಮೇಜಿನಲ್ಲಿ ಈಗ ನಾನು ಕೂತಿದ್ದೇನೆ.

ಹೀಗೆ ಸುಸೂತ್ರವಾಗಿ ನಡೆಯುತ್ತಿದ್ದ ಸಂಸ್ಥೆಗೆ ಒಂದು ದಿನ ಮಧ್ಯಾಹ್ನ ಮಾಯಮ್ಮ ಬಂದಳು. ಕೈಲಾಂಚದ ಕಡೆಯ ಹುಡುಗಿ, ಕೊನೆಯ ವರ್ಷದ ಬಿ.ಎ. ಹೆಸರು ಅಜ್ಜಿಯದು, ಜೋರೂ ಅಜ್ಜಿಯದೇ.

“ದೊಡ್ಡಪ್ಪ, ಒಂದು ದೂರು ಕೊಡ್ಬೇಕು. ಯಾರ್ ಕೈಗೆ ಕೊಡ್ಲಿ?”

“ಏನ್ ದೂರವ್ವಾ? ಬಸ್ ಪಾಸಾ?”

“ಅಲ್ಲ. ರಾಮಲಿಂಗಯ್ಯ ಮೇಷ್ಟ್ರ ಮ್ಯಾಲೆ.”

ನಾನು ಎದ್ದು ಹೋಗಿ ಬಾಗಿಲು ಮುಚ್ಚಿದೆ. ಅವಳ ಮುಖ ನೋಡಿ ಮತ್ತೆ ತೆರೆದೆ.

ರಾಮಲಿಂಗಯ್ಯನವರು ಅರ್ಥಶಾಸ್ತ್ರದ ಅಧ್ಯಾಪಕರು ಮತ್ತು ಅಧ್ಯಕ್ಷರ ಅಳಿಯಂದಿರು. ಎರಡನೆಯದು ಕಾಯಂ ಹುದ್ದೆ.

“ಇಂಟರ್ನಲ್ ಮಾರ್ಕ್ಸ್ ತೋರ್ಸ್ತೀನಿ ಬಾ ಅಂದ್ರು, ಅವ್ರ ರೂಮಿಗೋದೆ,” ಅಂದಳು ಮಾಯಮ್ಮ. “ಒಳೀಕೋಗಿದ್ದೇ ತಡ ಚಿಲ್ಕ ಹಾಕುದ್ರು. ಕೈ ಹಿಡ್ದು ಎಳ್ಕಂಡು ಮೈಮ್ಯಾಲೆ ಬಂದ್ರು. ನಾನು ಅವ್ರ ಕೈಯ್ನ ಕಚ್ಬುಟ್ಟು, ಚಿಲ್ಕ ತಗುದು ಓಡ್ಬಂದೆ.”

“ಈಗ ಏನಾಗ್ಬೇಕವ್ವಾ ನಿಂಗೆ?”

“ಆವಯ್ಯ ನಮ್ಮ ಕ್ಲಾಸಿಗೆ ಬರ್ಕೂಡ್ದು. ಅಷ್ಟೆಯಾ. ಅವ್ನ ಕ್ಲಾಸ್ನಾಗೆ ಕೂರ್ದೆ ಇದ್ರೆ ಹಾಜ್ರಿ ಸಾಲ್ದು ಅಂತ ಪರೀಕ್ಸೆ ಬರ್ಸಲ್ಲ, ವರ್ಸ ಹೋಯ್ತದೆ. ಕೂತ್ಕಳನ ಅಂದ್ರೆ ನನ್ ಕೈಲಾಗಲ್ಲ. ನಮ್ಮಪ್ಪಂಗೆ ಹೇಳುದ್ರೆ, ಕಾಲೇಜು ಸಾಕು ಕಣವ್ವ, ಮನೇಲೇ ಇದ್ದು ರೇಸ್ಮೆ ಹುಳಕ್ಕೆ ಸೊಪ್ಪು ಹಾಕು ಅಂತಾನೆ. ನಾನು ಬಿ.ಎ. ಮಾಡ್ಲೇಬೇಕು ದೊಡ್ಡಪ್ಪ.”

ಅವಳ ಬೇಡಿಕೆ ನ್ಯಾಯವಾದದ್ದೇ. ಆದರೆ ನಮ್ಮಲ್ಲಿ ದೂರು ತೆಗೆದುಕೊಳ್ಳುವ ಅಧಿಕಾರಿ ಇರಲಿಲ್ಲ. ದೂರು ಕೊಡಬಾರದು ಅಂತ ನಿಯಮವೂ ಇರಲಿಲ್ಲವಾಗಿ, ಹಾಳೆಯನ್ನು ಈಸಿಕೊಂಡು ಸೀಲು ಹೊಡೆದು ಪ್ರಾಂಶುಪಾಲರ ಮೇಜಿನ ಮೇಲಿಟ್ಟೆ. ನನ್ನ ಜೀವಮಾನದ ಶೌರ್ಯದಲ್ಲಿ ಇದೂ ಒಂದು.

ಅಷ್ಟರಲ್ಲಿ ರಾಮಲಿಂಗಯ್ಯನವರು ಬಲಗೈಗೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದರು. ಏನಾಯ್ತು ಸಾರ್ ಅಂದವರಿಗೆಲ್ಲ ನಾಯಿ ಕಚ್ಚಿತು ಅಂದರು. ಅಧ್ಯಕ್ಷರು ಅಳಿಯನ ಕೈ ನೋಡಿ, “ಕಾಲೇಜಿನಾಗೆ ನಾಯಿ ಬುಟ್ಟಿದ್ದೀರೇನ್ರಯ್ಯಾ!” ಅಂತ ಕೂಗಿದರು. ಸಂಜೆಗೆ ಸುತ್ತೋಲೆ ಸಿದ್ಧವಾಯಿತು:

‘ಕಾಲೇಜಿನ ಆವರಣದಲ್ಲಿ ನಾಯಿಗಳ ಹಾವಳಿ ಮಿತಿಮೀರಿದ್ದು, ಅರ್ಥಶಾಸ್ತ್ರ ವಿಭಾಗದ ಅಧ್ಯಾಪಕರೊಬ್ಬರು ಕರ್ತವ್ಯನಿರತರಾಗಿದ್ದ ಸಮಯದಲ್ಲಿ ಕಡಿತಕ್ಕೊಳಗಾಗಿರುವುದನ್ನು ಆಡಳಿತ ಮಂಡಳಿಯು ತೀವ್ರವಾಗಿ ಖಂಡಿಸುತ್ತದೆ. ಸದರಿ ನಾಯಿಯನ್ನು ತಕ್ಷಣ ಹೊರಹಾಕತಕ್ಕದ್ದು.’

ಹೊರಹಾಕಲು ಆವರಣದಲ್ಲಿ ನಾಯಿ ಇರಲಿಲ್ಲ. ಆಜ್ಞೆ ಪಾಲನೆಯಾಗಬೇಕಲ್ಲ, ಮಾಗಡಿ ಬಸ್ ಸ್ಟ್ಯಾಂಡಿನಿಂದ ಒಂದು ಕಂದು ನಾಯಿಯನ್ನು ಆಟೋದಲ್ಲಿ ಕರೆತಂದು, ಬಿಸ್ಕತ್ತು ತಿನ್ನಿಸಿ, ವಿಧಿಪೂರ್ವಕವಾಗಿ ಹೊರಹಾಕಿದೆವು. ರಾಮಲಿಂಗಯ್ಯನವರು ಹೇಳಿದ ಮಾತಿಗೆ ಕಟ್ಟುಬಿದ್ದು ಹುಚ್ಚುನಾಯಿ ಚುಚ್ಚುಮದ್ದನ್ನು ಒಂದೂ ಬಿಡದೆ ಪೂರ್ತಿ ಹಾಕಿಸಿಕೊಂಡರು. ಅಷ್ಟು ನಿಷ್ಠೆಯಿಂದ ಅವರು ಯಾವ ಪಾಠವನ್ನೂ ಪೂರ್ತಿ ಮಾಡಿದ್ದಿಲ್ಲ.

ಪ್ರಾಂಶುಪಾಲರಾದ ಮುನಿಶಾಮಯ್ಯನವರು ಮಾಯಮ್ಮನ ದೂರನ್ನು ಕೆಂಪು ಪೆನ್ನು ಹಿಡಿದು ಓದಿದರು. ‘ಚಿಲಕ’ ಎಂಬ ಪದ ಎಲ್ಲೆಲ್ಲಿ ಬಂದಿತ್ತೋ ಅಲ್ಲೆಲ್ಲ ಗೆರೆ ಎಳೆದರು.

“ನೋಡ್ರೀ ಹನುಮಯ್ಯ, ಅಪರಾಧಕ್ಕೆ ಮೂಲ ಯಾವುದು ಅಂತ ಹುಡುಗೀನೇ ಸ್ಪಷ್ಟವಾಗಿ ಬರೆದಿದಾಳೆ. ಚಿಲಕ ಇಲ್ಲದೆ ಹೋಗಿದ್ರೆ ಇದೆಲ್ಲ ಆಗ್ತಿತ್ತಾ?”

“ಇಲ್ಲ ಸಾರ್.”

“ತೆಗೆಸಿ ಮತ್ತೆ.”

ಕಾಲೇಜಿನ ಎಲ್ಲ ಚಿಲಕಗಳನ್ನೂ ತೆಗೆಸಬೇಕೆಂದು ಆದೇಶವಾಯಿತು. ಅಧ್ಯಾಪಕರ ಕೊಠಡಿಗಳ ಚಿಲಕವನ್ನು ಪ್ರಶ್ನೆಪತ್ರಿಕೆಯ ಗೋಪ್ಯತೆಯ ದೃಷ್ಟಿಯಿಂದ ಕೈಬಿಡಲಾಯಿತು. ಕಚೇರಿಯದನ್ನು ಬೀರುವಿನ ದೃಷ್ಟಿಯಿಂದ, ಪ್ರಯೋಗಶಾಲೆಯದನ್ನು ಸಾಮಾನಿನ ದೃಷ್ಟಿಯಿಂದ ಕೈಬಿಡಲಾಯಿತು. ಉಳಿದದ್ದು ಹೆಣ್ಣುಮಕ್ಕಳ ಶೌಚಾಲಯ. ಅಲ್ಲಿಯ ಚಿಲಕಗಳನ್ನು ಬುಡಸಮೇತ ಕಿತ್ತೆವು. ಅಂದಿನಿಂದ ಹುಡುಗಿಯರು ಜೋಡಿಜೋಡಿಯಾಗಿ ಹೋಗಿ, ಒಬ್ಬಳು ಬಾಗಿಲು ಹಿಡಿದು ನಿಲ್ಲತೊಡಗಿದರು. ಇದರಿಂದ ಸಹಕಾರ ಮನೋಭಾವ ಬೆಳೆಯಿತೆಂದು ವಾರ್ಷಿಕ ವರದಿಯಲ್ಲಿ ಬರೆದಿದ್ದೇನೆ.

ಇಷ್ಟಾದರೂ ಮಾಯಮ್ಮ ತೃಪ್ತಳಾಗಲಿಲ್ಲ. ದಿನಾ ಬಂದು ನನ್ನ ಕಿಟಕಿಯ ಹತ್ತಿರ ನಿಲ್ಲುವಳು.

“ದೊಡ್ಡಪ್ಪ, ಏನಾಯ್ತು ನನ್ ದೂರು?”

“ನಾಯಿ ಹೊರ್ಗಾಕಿದ್ವಿ, ಚಿಲ್ಕ ತಗ್ಸಿದ್ವಿ. ಇನ್ನೇನವ್ವಾ ಮಾಡ್ಬೇಕು ಕಾಲೇಜು?”

“ಆವಯ್ಯ?”

“ಆವಯ್ಯ ಮರದ ಬಾಗ್ಲಿಗೆ ಹೊಡ್ದಿರೋ ಸಾಮಾನಲ್ಲ ಕಣವ್ವ, ತಗ್ಸಕ್ಕೆ. ಅಳಿಯ.”

ಅಷ್ಟರಲ್ಲಿ ಮೇಲಿನಿಂದ ಒಂದು ಪತ್ರ ಬಂತು. ಪರಿಶೀಲನಾ ತಂಡ ಬರುತ್ತದೆ, ಕಾಲೇಜಿಗೆ ದರ್ಜೆ ಕೊಡುತ್ತದೆ, ದರ್ಜೆ ಬೇಕಿದ್ದರೆ ಮಹಿಳಾ ದೂರು ಸಮಿತಿ ಇರಲೇಬೇಕು, ಅದಕ್ಕೆ ಮಹಿಳೆಯೇ ಅಧ್ಯಕ್ಷೆ ಆಗಿರಬೇಕು ಅಂತ. ದರ್ಜೆ ಬಂದರೆ ಅನುದಾನ, ಅನುದಾನ ಬಂದರೆ ಹೊಸ ಕಟ್ಟಡ, ಕಟ್ಟಡದ ಕಂಟ್ರಾಕ್ಟು ಅಧ್ಯಕ್ಷರ ತಮ್ಮನದು. ಹೆಣ್ಣುಮಕ್ಕಳ ರಕ್ಷಣೆ ಎಷ್ಟು ಮುಖ್ಯ ಎಂಬುದು ಆಡಳಿತ ಮಂಡಳಿಗೆ ಅಂದೇ ಮನವರಿಕೆಯಾಯಿತು.

ಅರ್ಥಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕಿಯಾಗಿದ್ದ ಸರಸಮ್ಮನವರನ್ನು ಮೊದಲು ಅಧ್ಯಕ್ಷೆಯಾಗಿ ನೇಮಿಸಿದೆವು. ಆ ತಾಯಿ ಮೊದಲನೆಯ ಸಭೆಗೇ ರಾಮಲಿಂಗಯ್ಯನವರನ್ನು ಕರೆಸಿ, “ಏನ್ ಸಾರ್, ನಾಯಿಗೆ ಮನುಷ್ಯರ ಥರಾ ಸಾಲು ಹಲ್ಲಿತ್ತಾ?” ಅಂತ ಕೇಳಿಬಿಟ್ಟರು. ಅವರನ್ನು ತಕ್ಷಣ ಸಮಿತಿಯಿಂದ ಕೈಬಿಡಲಾಯಿತು. ಆದೇಶದಲ್ಲಿ ನಾನು ಕೊಟ್ಟ ಕಾರಣ: ‘ಸದರಿಯವರು ಸ್ವತಃ ಮಹಿಳೆಯಾಗಿರುವುದರಿಂದ ಮಹಿಳೆಯರ ಪರವಾಗಿ ಒಲವು ತೋರುವ ಸಂಭವವಿದ್ದು, ನಿಷ್ಪಕ್ಷಪಾತ ವಿಚಾರಣೆಗೆ ಅಡ್ಡಿಯಾಗುತ್ತದೆ.’

ಮಹಿಳೆ ಬೇಕು, ಆದರೆ ಒಲವು ಇರಬಾರದು. ಅಂಥವರು ಜಿಲ್ಲೆಯಲ್ಲಿ ಎಲ್ಲಿ ಸಿಗುತ್ತಾರೆ?

ಚನ್ನಪಟ್ಟಣದಲ್ಲಿ ಸಿಕ್ಕಿದರು.

ತಂಡದವರಿಗೆ ನೆನಪಿನ ಕಾಣಿಕೆ ಕೊಳ್ಳಲು ಅಧ್ಯಕ್ಷರೂ ನಾನೂ ಚನ್ನಪಟ್ಟಣಕ್ಕೆ ಹೋಗಿದ್ದೆವು. ಹೆದ್ದಾರಿ ಬದಿಯಲ್ಲಿ ನಜೀರ್ ಎಂಬಾತನ ಗೊಂಬೆ ಅಂಗಡಿ. ಮುಂಬಾಗಿಲಲ್ಲಿ ಆಳೆತ್ತರದ ಒಂದು ಹೆಣ್ಣು ಗೊಂಬೆ. ಅರಗಿನ ಕೆಂಪು ಸೀರೆ, ಹಳದಿ ರವಿಕೆ, ಕಪ್ಪನೆಯ ತುರುಬು, ಕತ್ತಿನೊಳಗೆ ಒಂದು ಸ್ಪ್ರಿಂಗು. ಗಾಳಿ ಬಿದ್ದರೆ ಸಾಕು, ತಲೆ ಮೇಲೆ ಕೆಳಗೆ ಆಡುತ್ತಿತ್ತು. ನಾವು ಬಂದದ್ದಕ್ಕೆ ಆಡಿಸಿತು, ಚೌಕಾಸಿ ಮಾಡಿದ್ದಕ್ಕೆ ಆಡಿಸಿತು, ಬೆಲೆ ಜಾಸ್ತಿಯಾಯ್ತು ಅಂದದ್ದಕ್ಕೂ ಆಡಿಸಿತು.

ಅಧ್ಯಕ್ಷರು ನೋಡುತ್ತ ನಿಂತರು. “ಲೇ ಹನುಮಯ್ಯ, ಇಂತಾ ಒಳ್ಳೇ ಹೆಣ್ಮಗಳು ಕಣ್ಲಾ ನಮ್ ಕಮಿಟಿಗೆ ಬೇಕಾಗಿದ್ದಿದ್ದು,” ಅಂದು ನಕ್ಕರು.

ನಕ್ಕಿದ್ದನ್ನು ಸುತ್ತೋಲೆಯಲ್ಲಿ ಬರೆಯುವ ಪದ್ಧತಿ ಇಲ್ಲ. ಗೊಂಬೆಯನ್ನು ಅಲ್ಲೇ ಖರೀದಿಸಿದೆ.

“ಸಾರ್, ಇದು ಏನ್ ಕೆಲ್ಸಕ್ಕೆ?” ಅಂದ ನಜೀರ್. ಅವನ ಮಗಳು ಜಹೀದಾ ನಮ್ಮ ಕಾಲೇಜಿನಲ್ಲೇ, ಮಾಯಮ್ಮನ ಕ್ಲಾಸಿನಲ್ಲೇ ಓದುತ್ತಿದ್ದಳು.

“ಹೆಣ್ಮಕ್ಳ ರಕ್ಷಣಾ ಸಮಿತಿಗೆ ಅಧ್ಯಕ್ಷೆ ಕಣಪ್ಪ.”

“ಯಾ ಅಲ್ಲಾ! ನಾನು ಗಿರಾಕಿ ಕರಿಯಾಕೆ ಅಂತ ಮಾಡಿದ್ದು.”

“ಅಲ್ಲೂ ಅದೇ ಕೆಲ್ಸ. ಅದ್ಸರಿ, ತಲೆ ಅಡ್ಡಡ್ಡ ಆಡ್ಸೋ ಗೊಂಬೆ ಮಾಡಕ್ಕೆ ಬರಲ್ವಾ ನಿಂಗೆ?”

“ಬತ್ತದೆ ಸಾರ್. ಯಾರೂ ತಗಳಲ್ಲ.”

ಕಾಲೇಜಿಗೆ ತಂದ ಮೇಲೆ ಹೆಸರಿಡುವ ಪ್ರಶ್ನೆ ಬಂತು. ದೊಡ್ಡಲಕ್ಷ್ಮಮ್ಮ ಎಂದಾಯಿತು. ಕುಮಾರಿಯೋ ಶ್ರೀಮತಿಯೋ ಎಂಬುದರ ಬಗ್ಗೆ ಅರ್ಧ ದಿನ ಚರ್ಚೆ ನಡೆದು, ಮದುವೆಯಾಗದ ಹೆಣ್ಣು ಇಂಥ ವಿಷಯಗಳನ್ನು ಕೇಳಿಸಿಕೊಳ್ಳುವುದು ಸರಿಯಲ್ಲವೆಂದು ಪ್ರಾಂಶುಪಾಲರು ಅಭಿಪ್ರಾಯಪಟ್ಟಿದ್ದರಿಂದ, ಹಳದಿ ಅರಗಿನಲ್ಲಿ ಒಂದು ತಾಳಿ ಬರೆಸಿ ಶ್ರೀಮತಿ ಮಾಡಿದೆವು. ಆಮೇಲೆ ನಾನು ಬರೆದೆ ನೋಡಿ ಆ ಸುತ್ತೋಲೆ! ಈಗಲೂ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ:

‘ಮರದಿಂದ ತಯಾರಿಸಲಾದ ಸ್ತ್ರೀರೂಪದ ಗೊಂಬೆಯನ್ನು ಈ ಕಾಲೇಜಿನ ಸಕಲ ಉದ್ದೇಶಗಳಿಗೂ ಮಹಿಳೆ ಎಂದು ಭಾವಿಸತಕ್ಕದ್ದು.’

‘ಸಕಲ ಉದ್ದೇಶಗಳಿಗೂ’ ಎಂಬುದು ನನ್ನ ಸ್ವಂತ ಸೇರ್ಪಡೆ. ಅದಿಲ್ಲದಿದ್ದರೆ ವಾಕ್ಯ ಬೋಳುಬೋಳಾಗಿ ಕಾಣುತ್ತಿತ್ತು.

ಹೀಗೆ ಸಮಿತಿ ರಚನೆಯಾಯಿತು. ಅಧ್ಯಕ್ಷೆ ಶ್ರೀಮತಿ ದೊಡ್ಡಲಕ್ಷ್ಮಮ್ಮ. ಸದಸ್ಯರು ಪ್ರಾಂಶುಪಾಲರು. ಕಾರ್ಯದರ್ಶಿ ನಾನು. ಘಟನೆಯ ಬಗ್ಗೆ ನೇರ ಅರಿವು ಇರುವವರೊಬ್ಬರು ಬೇಕೆಂದು ರಾಮಲಿಂಗಯ್ಯನವರನ್ನೂ ಸೇರಿಸಿಕೊಂಡೆವು.

ವಿಚಾರಣೆಯ ದಿನ ಅಧ್ಯಕ್ಷೆಯವರನ್ನು ಫ್ಯಾನಿನ ನೇರಕ್ಕೆ ಕೂರಿಸಿದೆವು, ಅಂದರೆ ನಿಲ್ಲಿಸಿದೆವು. ಮಂಡಿ ಮಡಿಸಲು ಅವರಿಗೆ ಬರುತ್ತಿರಲಿಲ್ಲ. ಮಾಯಮ್ಮ ಎದುರಿಗೆ ನಿಂತಳು. ಪ್ರಾಂಶುಪಾಲರು ಗಂಟಲು ಸರಿಮಾಡಿಕೊಂಡರು.

“ಸದರಿ ದಿನದಂದು ಸದರಿ ಕೊಠಡಿಯಲ್ಲಿ ಯಾವುದೇ ಘಟನೆ ನಡೆದಿಲ್ಲ ಎಂಬುದನ್ನು ಮಾನ್ಯ ಅಧ್ಯಕ್ಷೆಯವರು ಒಪ್ಪುತ್ತಾರೆಯೇ?”

ನಾನು ಫ್ಯಾನು ಹಾಕಿದೆ. ಅಧ್ಯಕ್ಷೆಯವರು ತಲೆಯಾಡಿಸಿದರು.

“ಸರ್ವಾನುಮತದಿಂದ ತೀರ್ಮಾನವಾಯಿತು. ಹೋಗಮ್ಮ, ಓದ್ಕೊ.”

ಮಾಯಮ್ಮ ಹೋಗಲಿಲ್ಲ. “ಸಾರ್, ನಾನೂ ಒಂದು ಮಾತು ಕೇಳ್ಬೋದಾ ಇವ್ರ?”

ದೂರುದಾರರು ಅಧ್ಯಕ್ಷೆಯನ್ನು ಪ್ರಶ್ನಿಸಬಾರದೆಂದು ನಿಯಮವಿರಲಿಲ್ಲ. ಅದೊಂದನ್ನು ನಾನು ಬರೆಯದೇ ಹೋದೆ.

ಮಾಯಮ್ಮ ಗೊಂಬೆಯ ಹತ್ತಿರ ಹೋದಳು. ಸ್ವಂತ ಅಜ್ಜಿಯನ್ನು ಮಾತಾಡಿಸುವ ಹಾಗೆ, “ಅಮ್ಮೋ, ಈವಯ್ಯ ಚಿಲ್ಕ ಹಾಕಿದ್ದು ನಿಜ ತಾನೆ?” ಅಂದಳು.

ಅಧ್ಯಕ್ಷೆಯವರು ತಲೆಯಾಡಿಸಿದರು.

“ನನ್ ಮೈಮ್ಯಾಲೆ ಕೈ ಹಾಕಿದ್ದು ನಿಜ ತಾನೆ?”

ಆಡಿಸಿದರು.

“ಈವಯ್ಯನ್ನ ನಮ್ ಕ್ಲಾಸಿಗೆ ಕಳ್ಸ್‌ಬಾರ್ದು, ಅಲ್ವ್ರಾ?”

“ಫ್ಯಾನ್ ಆಫ್ ಮಾಡ್ರೀ!” ಅಂತ ಪ್ರಾಂಶುಪಾಲರು ಎದ್ದೇಬಿಟ್ಟರು. ನಾನು ಆಫ್ ಮಾಡಿದೆ. ಆದರೆ ನಜೀರನ ಸ್ಪ್ರಿಂಗು ಒಳ್ಳೆಯ ಸ್ಪ್ರಿಂಗು. ಫ್ಯಾನು ನಿಂತ ಮೇಲೂ ಅಧ್ಯಕ್ಷೆಯವರು ರಾಮಲಿಂಗಯ್ಯನವರ ಮುಖವನ್ನೇ ನೋಡಿಕೊಂಡು ಹೌದು ಹೌದು ಹೌದು ಅಂತ ಬಹಳ ಹೊತ್ತು ತಲೆಯಾಡಿಸುತ್ತಿದ್ದರು.

ರಾಮಲಿಂಗಯ್ಯನವರು ಬೆವರು ಒರೆಸಿಕೊಂಡು, “ಇವ್ಳು ಎಂತಾ ಹೆಂಗ್ಸು ಅಂತ ಮೊದ್ಲು ವಿಚಾರಿಸ್ಬೇಕು ಸಾರ್,” ಅಂದರು.

ಸರಿಯಾದ ಮಾತು. ಅಧ್ಯಕ್ಷೆಯವರ ನಡತೆಯ ಬಗ್ಗೆ ವಿಚಾರಣೆ ಆರಂಭವಾಯಿತು. ಎರಡೇ ದಿನದಲ್ಲಿ ವರದಿ ಸಿದ್ಧವಾಯಿತು, ನಮ್ಮ ಕಾಲೇಜಿನ ಇತಿಹಾಸದಲ್ಲಿ ಇಷ್ಟು ಬೇಗ ಮುಗಿದ ವಿಚಾರಣೆ ಬೇರೊಂದಿಲ್ಲ:

‘ಸದರಿ ಮಹಿಳೆಯು ಈ ಹುದ್ದೆಗೆ ಬರುವ ಮೊದಲು ಹೆದ್ದಾರಿಯ ಬದಿಯಲ್ಲಿ ಹಗಲೆಲ್ಲ ಒಂಟಿಯಾಗಿ ನಿಂತಿರುತ್ತಿದ್ದುದಾಗಿಯೂ, ಕಣ್ಣು ಕುಕ್ಕುವ ಕೆಂಪು ಬಣ್ಣದ ಉಡುಪು ಧರಿಸಿರುತ್ತಿದ್ದುದಾಗಿಯೂ, ಬರುವವರು ಹೋಗುವವರಿಗೆಲ್ಲ ತಲೆಯಾಡಿಸುತ್ತಿದ್ದುದಾಗಿಯೂ ತಿಳಿದುಬಂದಿರುತ್ತದೆ. ಆದ್ದರಿಂದ ಅವರು ವಿದ್ಯಾರ್ಥಿನಿಯ ಪ್ರಶ್ನೆಗೆ ನೀಡಿದ ಉತ್ತರವನ್ನು ನಂಬಲರ್ಹವಲ್ಲವೆಂದು ತಿರಸ್ಕರಿಸಲಾಗಿದೆ. ಪ್ರಾಂಶುಪಾಲರ ಪ್ರಶ್ನೆಗೆ ನೀಡಿದ ಉತ್ತರವನ್ನು ಮಾತ್ರ ಮಾನ್ಯ ಮಾಡಲಾಗಿದೆ.’

ಮುಂದೆ ಇಂಥ ಅಚಾತುರ್ಯ ಆಗದಿರಲೆಂದು ವಿಚಾರಣೆಯ ಕೊಠಡಿಯ ಫ್ಯಾನಿನ ರೆಗ್ಯುಲೇಟರಿನ ತಿರುಗುಣಿಯನ್ನು ಕಿತ್ತು ಪ್ರಾಂಶುಪಾಲರ ಜೇಬಿನಲ್ಲಿಟ್ಟೆವು. ಘಟನೆ ನಡೆದಿಲ್ಲ ಎಂಬುದು ಹೀಗೆ ಕಾನೂನುಬದ್ಧವಾಯಿತು. ರಾಮಲಿಂಗಯ್ಯನವರು ಕ್ಲಾಸಿಗೆ ಹೋಗುವುದು ಎಂದಿನಂತೆ ಮುಂದುವರಿಯಿತು, ಮಾಯಮ್ಮನ ಹಾಜರಾತಿ ಇಳಿಯುತ್ತ ಹೋಯಿತು. ಅವಳಪ್ಪ ಅಂಕಯ್ಯನ ಕಿವಿಗೆ ಯಾರೋ ವಿಷಯ ಊದಿದ್ದರಿಂದ, ಈ ಸಲದ ರೇಷ್ಮೆಹುಳ ಮೂರನೇ ಜ್ವರಕ್ಕೆ, ಅಂದರೆ ಮೂರನೇ ಸಲ ಪೊರೆ ಬಿಡುವ ಹೊತ್ತಿಗೆ, ಬರುವುದರೊಳಗೆ ಮನೆಗೆ ಬಂದುಬಿಡು ಅಂತ ಹೇಳಿಕಳಿಸಿದ್ದ.

ಆ ವಾರ ನಾನು ನೋಟೀಸ್ ಬೋರ್ಡಿನ ಪಕ್ಕದ ಕಿಟಕಿಯಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದೆ. ಮಾಯಮ್ಮನೂ ಜಹೀದಾಳೂ ಬೋರ್ಡಿನ ಮುಂದೆ ನಿಂತಿದ್ದರು. ನನ್ನ ಸುತ್ತೋಲೆಯನ್ನು ಯಾರೂ ಎರಡನೇ ಸಲ ಓದಿದ್ದು ನಾನು ಕಂಡಿರಲಿಲ್ಲ. ಈ ಹುಡುಗಿಯರು ಮೂರನೇ ಸಲ ಓದುತ್ತಿದ್ದರು.

“ಸಕಲ ಉದ್ದೇಶಗಳಿಗೂ ಅಂದ್ರೆ ಏನೇ ಜಹೀದಾ?”

“ಎಲ್ಲಾದಕ್ಕೂ ಅಂತ ಕಣೇ.”

“ಎಲ್ಲಾದಕ್ಕೂ ಅಂದ್ರೆ ಹಾಜ್ರಿಗೂ ಬತ್ತದಲ್ವಾ?”

ಜಹೀದಾ ಸುತ್ತೋಲೆಯ ಆ ಸಾಲಿನ ಮೇಲೆ ಬೆರಳಾಡಿಸಿದಳು. ಆಮೇಲೆ, “ಕ್ಲಾಸ್ನಾಗೆ ನಾವು ಎಷ್ಟು ಜನ ಹುಡ್ಗೀರು ಇದೀವಿ, ಎಣ್ಸು,” ಅಂದಳು. “ಅಬ್ಬಾ ಹತ್ರ ಕತ್ತಿನ ಸ್ಪ್ರಿಂಗು ಮೂಟೆಗಟ್ಲೆ ಬಿದ್ದೈತೆ.”

ಕಾರ್ಯದರ್ಶಿಯಾಗಿ ನಾನು ಇದನ್ನು ತಡೆಯಬೇಕಾಗಿತ್ತು. ಕಡಲೆಕಾಯಿ ಬಾಯಲ್ಲಿದ್ದುದರಿಂದ ಆಗಲಿಲ್ಲ.

ಸೋಮವಾರ ರಾಮಲಿಂಗಯ್ಯನವರು ಕ್ಲಾಸಿಗೆ ಹೋದಾಗ ಹೆಣ್ಣುಮಕ್ಕಳ ಬೆಂಚುಗಳೆಲ್ಲ ತುಂಬಿದ್ದವು. ಒಂದೊಂದು ಜಾಗಕ್ಕೂ ಒಂದೊಂದು ಗೊಂಬೆ, ಮೊಳದೆತ್ತರದ್ದು. ಹಸಿರು, ಹಳದಿ, ನೇರಳೆ, ಎಲ್ಲದರ ಕುತ್ತಿಗೆಗೂ ಹೆಸರು ಬರೆದ ಚೀಟಿ. ಮೇಲೆ ಫ್ಯಾನು ತಿರುಗುತ್ತಿತ್ತು. ಹಾಜರಿ ಕೂಗುವ ಮೊದಲೇ ಎಲ್ಲರೂ ತಲೆಯಾಡಿಸುತ್ತಿದ್ದರು. ಹುಡುಗರು ಮೊದಲಿನಿಂದಲೂ ಆ ಕ್ಲಾಸಿಗೆ ಬರುತ್ತಿರಲಿಲ್ಲ. ಅವರ ಹಾಜರಿ ತಾನಾಗಿಯೇ ಬೀಳುತ್ತಿದ್ದುದರಿಂದ ಅವರಿಗೆ ಗೊಂಬೆಯ ಖರ್ಚು ಇರಲಿಲ್ಲ. ಜೀವಂತ ಹುಡುಗಿಯರೆಲ್ಲ ಅದೇ ಹೊತ್ತಿಗೆ ಗ್ರಂಥಾಲಯದಲ್ಲಿ ಸರಸಮ್ಮನವರ ಹತ್ತಿರ ಅದೇ ಪಾಠ ಹೇಳಿಸಿಕೊಳ್ಳುತ್ತ ಕೂತಿದ್ದರು.

ರಾಮಲಿಂಗಯ್ಯನವರು ಓಡುತ್ತ ಕಚೇರಿಗೆ ಬಂದರು. “ಏನ್ರೀ ಇದು! ಕ್ಲಾಸ್ ತುಂಬ ಬರೀ ಗೊಂಬೆ ಕೂತವೆ!”

“ಸಾರ್, ಹಾಗನ್ನಬಾರ್ದು,” ಅಂದೆ. “ಸುತ್ತೋಲೆ ಪ್ರಕಾರ ಮಹಿಳೆಯರು.”

ಪ್ರಾಂಶುಪಾಲರು ಮಾಯಮ್ಮನನ್ನು ಕರೆಸಿದರು. ಅವಳು ನೋಟೀಸ್ ಬೋರ್ಡಿನಲ್ಲಿದ್ದ ವಾಕ್ಯವನ್ನು ಬಾಯಿಪಾಠ ಒಪ್ಪಿಸಿದಳು. ನನ್ನ ಗದ್ಯವನ್ನು ಅಷ್ಟು ಸ್ಪಷ್ಟವಾಗಿ, ಅಷ್ಟು ಅರ್ಥವತ್ತಾಗಿ ಓದಿದವರನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಯಾರ್ರೀ ಇದನ್ನ ಬರೆದವರು?” ಅಂದರು ಪ್ರಾಂಶುಪಾಲರು.

“ನಾನೇ ಸಾರ್,” ಅಂದೆ, ಸಹಜವಾದ ಹೆಮ್ಮೆಯಿಂದ.

“ಹಿಂದಕ್ಕೆ ತಗೊಳ್ಳಿ.”

“ತಗೋಬೋದು ಸಾರ್. ತಗೊಂಡ್ರೆ ದೊಡ್ಡಲಕ್ಷ್ಮಮ್ಮನವರು ಮಹಿಳೆ ಅಲ್ಲ ಅಂತಾಗುತ್ತೆ. ಅವರು ಮಹಿಳೆ ಅಲ್ಲದಿದ್ರೆ ಸಮಿತಿ ಊರ್ಜಿತ ಅಲ್ಲ. ಸಮಿತಿ ಊರ್ಜಿತ ಅಲ್ಲದಿದ್ರೆ ಘಟನೆ ನಡೆದಿಲ್ಲ ಅಂತ ಕೊಟ್ಟ ತೀರ್ಮಾನವೂ ಬಿದ್ದುಹೋಗುತ್ತೆ. ಆಗ ಘಟನೆ ನಡೆದಿದೆ ಅಂತಾಗುತ್ತೆ. ತಂಡ ಬೇರೆ ಗುರುವಾರ ಬರ್ತಿದೆ.”

ಪ್ರಾಂಶುಪಾಲರು ಜೇಬಿಗೆ ಕೈಹಾಕಿ ಆ ತಿರುಗುಣಿಯನ್ನು ಸುಮ್ಮನೆ ತಿರುಗಿಸುತ್ತ ಕೂತರು.  ಕೊನೆಗೆ ಅವರು, “ಗೊಂಬೆ ಬೆಂಚ್ ಮೇಲಿಂದ ಬೀಳ್ದೆ ಇರೋ ಹಾಗೆ ನೋಡ್ಕೊಳ್ಳಿ,” ಅಂದರು.

ಅಧ್ಯಕ್ಷರು ಮಾರನೆಯ ದಿನ ಸುತ್ತು ಬಂದರು. ಅಳಿಯನ ಕ್ಲಾಸಿನ ಮುಂದೆ ನಿಂತು ಕಿಟಕಿಯಲ್ಲಿ ಇಣುಕಿದರು. ಒಳಗೆ ಅಳಿಯಂದಿರು ಬೇಡಿಕೆಯ ನಿಯಮ ವಿವರಿಸುತ್ತಿದ್ದರು, ಎದುರಿಗೆ ಸಾಲುಸಾಲಾಗಿ ತಲೆಯಾಡುತ್ತಿದ್ದವು. ಅಧ್ಯಕ್ಷರ ಕಣ್ಣು ಒದ್ದೆಯಾಯಿತು.

“ನೋಡ್ಲಾ ಹನುಮಯ್ಯ, ಹೆಣ್ಮಕ್ಳು ಅಂದ್ರೆ ಹಿಂಗಿರ್ಬೇಕು. ಒಂದಾದ್ರೂ ಸೊಲ್ಲೆತ್ತುತ್ತಾ? ನಮ್ಮಳಿಯ ಎಂಗ್ ತಿದ್ದವ್ನೆ ನೋಡು.”

ಸಂಜೆಗೆ ಶ್ಲಾಘನಾ ಪತ್ರ ಬರೆದುಕೊಟ್ಟೆ.

ಗುರುವಾರ ಪರಿಶೀಲನಾ ತಂಡ ಬಂತು. ಊಟಕ್ಕೆ ಮುದ್ದೆ ಮತ್ತು ನಾಟಿಕೋಳಿ ಸಾರು ಮಾಡಿಸಿದ್ದೆವು. ಊಟವಾದ ಮೇಲೆ ತಂಡದವರ ದೃಷ್ಟಿ ಬಹಳ ಉದಾರವಾಯಿತು. ಸಮಿತಿಯ ಅಧ್ಯಕ್ಷೆಯವರಿಗೆ ಕೈಮುಗಿದರು. ಆಮೇಲೆ ರಾಮಲಿಂಗಯ್ಯನವರ ಕ್ಲಾಸಿಗೆ ಬಂದು ತಂಡದ ಹಿರಿಯರು ಬೆಂಚುಗಳ ಕಡೆ ತಿರುಗಿ, “ಈ ಕಾಲೇಜಿನಲ್ಲಿ ನಿಮಗೆಲ್ಲ ಸುರಕ್ಷಿತ ಅನ್ನಿಸುತ್ತದೆಯೇ?” ಎಂದು ಕೇಳಿದರು. ನಾನು ಫ್ಯಾನನ್ನು ಐದಕ್ಕೆ ತಿರುಗಿಸಿದೆ. ಎಲ್ಲರೂ ಒಟ್ಟಿಗೆ ತಲೆಯಾಡಿಸಿದರು. ನೇರಳೆ ಬಣ್ಣದವಳು ಸಂತೋಷ ತಡೆಯಲಾರದೆ ಬೆಂಚಿನಿಂದ ಬಿದ್ದಳು.

“ಎಲ್ಲ ಕಡೆ ಹೋಗಿದ್ದೇವೆ,” ಅಂದರು ಹಿರಿಯರು. “ಇಷ್ಟು ಒಮ್ಮತದ ಉತ್ತರ ಎಲ್ಲೂ ಸಿಕ್ಕಿರಲಿಲ್ಲ.”

ಗೊಂಬೆ ಅಂತ ಅವರಿಗೆ ತಿಳಿಯಲಿಲ್ಲವೇ ಅಂತ ನೀವು ಕೇಳಬಹುದು. ತಿಳಿಯದೆ ಏನು? ಹೋಗುವಾಗ ತಲಾ ಎರಡೆರಡು ಕೇಳಿ ತೆಗೆದುಕೊಂಡು ಹೋದರು, ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ ಅಂತ. ವರದಿಯಲ್ಲಿ ಮಾತ್ರ ‘ವಿದ್ಯಾರ್ಥಿನಿಯರ ಸುರಕ್ಷತೆಗೆ ಅತ್ಯುನ್ನತ ದರ್ಜೆ, ಅನ್ಯ ಕಾಲೇಜುಗಳಿಗೆ ಮಾದರಿ’ ಎಂದು ಬರೆದರು. ಎರಡೂ ನಿಜವೇ.

ಮಾದರಿ ಅಂದ ಮೇಲೆ ಕೇಳಬೇಕೆ? ಕನಕಪುರದ ಕಡೆಯ ಕಾಲೇಜಿನವರು ಗಾಡಿ ಮಾಡಿಕೊಂಡು ಬಂದು ನೋಡಿ ಹೋದರು. ಚನ್ನಪಟ್ಟಣದಲ್ಲಿ ನಜೀರ್ ಇನ್ನಿಬ್ಬರನ್ನು ಕೆಲಸಕ್ಕಿಟ್ಟುಕೊಂಡ. ಕೆಲವು ಕಾಲೇಜುಗಳು ಬರೀ ಅಧ್ಯಕ್ಷೆಯನ್ನು ಕೊಂಡವು, ಕೆಲವು ಪೂರ್ತಿ ಕ್ಲಾಸನ್ನೇ ಕೊಂಡವು, ಅನುಕೂಲವಿದ್ದಂತೆ. ಒಬ್ಬ ಪ್ರಾಂಶುಪಾಲರು ಬಂದು, “ಹೆಣ್ಮಕ್ಳನ್ನ ಸೇರಿಸ್ಕೊಳ್ಳೋ ಕಾಲಕ್ಕೇ ಇವನ್ನ ಸೇರಿಸ್ಕೊಂಡ್ರೆ ಇನ್ನೂ ಸುಲಭ ಅಲ್ವೇನ್ರೀ?” ಅಂತ ಕೇಳಿದರು. ಆ ಪ್ರಸ್ತಾವನೆ ಪರಿಶೀಲನೆಯಲ್ಲಿದೆ. ರಾಮಲಿಂಗಯ್ಯನವರನ್ನು ಮಹಿಳಾ ಸುರಕ್ಷತೆಯ ಬಗ್ಗೆ ಭಾಷಣ ಮಾಡಲು ಜಿಲ್ಲೆಯ ಉದ್ದಗಲಕ್ಕೂ ಕರೆಯುತ್ತಾರೆ. ಚೆನ್ನಾಗಿ ಮಾತಾಡುತ್ತಾರೆ. ಕೈಯ ಗಾಯದ ಗುರುತು ಕಂಡವರಿಗೆ ಈಗಲೂ ನಾಯಿ ಅನ್ನುತ್ತಾರೆ.

ಚಿಲಕಗಳ ವಿಷಯ ಮಾಯಮ್ಮ ಇನ್ನೊಮ್ಮೆ ಬಂದು ಕೇಳಿದಳು.

“ದೊಡ್ಡಪ್ಪ, ನಮ್ ಬಾತ್ರೂಮಿನ ಚಿಲ್ಕಾನಾದ್ರೂ ವಾಪಸ್ ಹಾಕ್ಸಿ.”

“ಅದ್ಕೆ ಬೇರೆ ಸಮಿತಿ ಆಗ್ಬೇಕು ಕಣವ್ವ.”

“ಆಗ್ಲಿ ಬುಡಿ,” ಅಂದಳು, “ನಾವೇ ಹಾಕ್ಕತೀವಿ.” ಹಾಕಿಕೊಂಡರು. ಚಿಲಕವನ್ನು ಹಾಕಿದವರ ಮೇಲೆ ಕ್ರಮ ಜರುಗಿಸಲು ಕಡತ ತೆರೆದಿದ್ದೇವೆ. ಹಾಕಿದವರು ಯಾರು ಅಂತ ಕ್ಲಾಸಿನ ಎಲ್ಲ ಹುಡುಗಿಯರನ್ನೂ ಕರೆಸಿ ಕೇಳಿದ್ದಾಯಿತು. ಒಬ್ಬೊಬ್ಬಳೂ ನಾನೇ ಅಂದಳು.

ಮಾಯಮ್ಮನ ಹಾಜರಾತಿ ನೂರಕ್ಕೆ ನೂರಾಯಿತು. ಅವಳ ಗೊಂಬೆ ಒಂದು ದಿನವೂ ರಜೆ ಹಾಕಲಿಲ್ಲ. ಅಂಕಯ್ಯ ಕಾಲೇಜಿಗೇ ಬಂದು ಆಗಿದ್ದೇನು ಅಂತ ನನ್ನನ್ನು ಕೇಳಿದ. ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಕ್ಲಾಸು ತೋರಿಸಿದೆ. ಬಹಳ ಹೊತ್ತು ನೋಡಿದ ಮೇಲೆ, “ಇದ್ರಾಗೆ ನಮ್ ಮಗು ಯಾವ್ದು?” ಅಂದ. ಹಸಿರು ಸೀರೆಯದನ್ನು ತೋರಿಸಿದೆ. “ಸರಿ ಬುಡಿ. ಓದ್ಲಿ,” ಅಂದು ಬಸ್ ಹತ್ತಿದ. ಪರೀಕ್ಷೆ ಬರೆದವಳು ಮಾಯಮ್ಮನೇ. ಪಾಸಾದವಳೂ ಅವಳೇ, ಮೊದಲ ದರ್ಜೆಯಲ್ಲಿ.

ಪದವಿ ಪ್ರದಾನದ ದಿನ ಅರ್ಥಶಾಸ್ತ್ರಕ್ಕೆ ಹೆಚ್ಚು ಅಂಕ ಪಡೆದವರಿಗೆ ಅರ್ಥಶಾಸ್ತ್ರದ ಅಧ್ಯಾಪಕರೇ ಹಾರ ಹಾಕಬೇಕೆಂದು ಅಧ್ಯಕ್ಷರು ಅಂದಿದ್ದರು, ಅಂದ ಮೇಲೆ ಸುತ್ತೋಲೆಯಾಗಿತ್ತು. ಮಾಯಮ್ಮ ವೇದಿಕೆ ಹತ್ತಿದಳು. ರಾಮಲಿಂಗಯ್ಯನವರು ಹಾರ ಹಿಡಿದು ಮುಂದೆ ಬಂದರು. ಅವಳು ಕೈ ಚಾಚಿ ಹಾರವನ್ನು ತಾನೇ ಈಸಿಕೊಂಡು, ತಿರುಗಿ ಕೆಳಗೆ ಕೂತಿದ್ದ ಸರಸಮ್ಮನವರಿಗೆ ಹಾಕಿ ಹೋಗಿಬಿಟ್ಟಳು. ಎಲ್ಲರೆದುರು ರಾಮಲಿಂಗಯ್ಯನವರು ಬರಿಗೈಯಲ್ಲಿ ನಿಂತು, ನಾಚಿಕೆಯಿಂದ ನಿಧಾನವಾಗಿ ತಲೆ ತಗ್ಗಿಸಿದರು.

ಇದರಲ್ಲಿ ಒಂದು ಸಣ್ಣ ವಿವರವನ್ನು ಮಾತ್ರ ನಾನು ಕಟ್ಟಿದ್ದು ಅಂತ ಪಿಂಚಣಿಯ ಹೆದರಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ. ನಾಯಿ ನಿಜ. ಗೊಂಬೆ ನಿಜ, ಅವಳ ನಡತೆಯ ಮೇಲೆ ನಡೆದ ವಿಚಾರಣೆ ನಿಜ, ತಂಡದ ದರ್ಜೆಯೂ ನಿಜ. ಹಾರವೂ ನಿಜ. ರಾಮಲಿಂಗಯ್ಯನವರು ತಲೆ ತಗ್ಗಿಸಿದರು ಅಂದೆನಲ್ಲ, ಅದೊಂದು ಇಲ್ಲ. ಅವರು ಸಭೆಯ ಕಡೆ ನೋಡಿ ಚಪ್ಪಾಳೆ ತಟ್ಟಿದರು, ಸಭೆಯೂ ತಟ್ಟಿತು. ಕತೆ ಸರಿಯಾಗಿ ಕೂರಲಿ ಅಂತ ನಾನೇ ಅವರ ಕತ್ತನ್ನು ಒಸಿ ಬಗ್ಗಿಸಿದೆ.